ಯೆಜ್ಡಿ ಎಂಜಿನ್ ಕವರ್ ವೈಜಾಗ್‌ನಲ್ಲಿ ಯಾಕೆ ಮಂಕಾಗುತ್ತೆ?

ಊರಿಂದ ಅಪ್ಪನ ಯೆಜ್ಡಿ ತರಿಸಿ ವೈಜಾಗ್‌ನ ಅಪಾರ್ಟ್‌ಮೆಂಟ್ ಕೆಳಗೆ ನಿಲ್ಲಿಸಿರೋರಿಗಾಗಿ ಈ ಸಲದ ಮಾತು. ಮೈಸೂರಲ್ಲಿ ಫಳಫಳ ಅಂತಿದ್ದ ಎಂಜಿನ್ ಕವರ್ ಇಲ್ಲಿ ಒಂದೇ ಮಳೆಗಾಲದಲ್ಲಿ ಬೂದಿ ಬಳಿದ ಹಾಗಾಗುತ್ತೆ. ಕಾರಣ ಸಮುದ್ರದ ಗಾಳಿ. ಅಲ್ಯೂಮಿನಿಯಂ ಮೇಲೆ ತಾನಾಗಿಯೇ ಒಂದು ತೆಳು ಆಕ್ಸೈಡ್ ಪದರ ಕಟ್ಟುತ್ತೆ, ಅದೇ ಅದರ ಕಾವಲು. ಗಾಳಿಯ ಉಪ್ಪು ಆ ಪದರವನ್ನ ಅಲ್ಲಲ್ಲಿ ಒಡೆದು ಸೂಜಿಮೊನೆಯಂಥ ಗುಂಡಿ ಮಾಡುತ್ತೆ, ಬಿಳಿ ಪುಡಿ ಏಳುತ್ತೆ. ಸಮುದ್ರದಿಂದ ದೂರ ಇರೋ ವಿಜಯವಾಡದಲ್ಲಿ ಈ ಕಾಟ ಕಡಿಮೆ.

ಹೊಳಪು ಬರೋದು ಪಾಲಿಶ್‌ನಿಂದ ಅಂದ್ಕೊಂಡಿರ್ತೀವಿ. ನಿಜವಾದ ಕೆಲಸ ವಾಟರ್ ಪೇಪರ್‌ದು. ಕವರ್ ಬಿಚ್ಚಿಕೊಂಡೇ ಉಜ್ಜಿ. ಎಂಜಿನ್ ಮೇಲೇ ಉಜ್ಜಿದರೆ ಆ ಮರಳು ಒಳಗಿಳಿದು ಬೇರಿಂಗ್ ತಿನ್ನುತ್ತೆ. ಎಣ್ಣೆ ಜಿಡ್ಡು ತೊಳೆದು, 320ರಿಂದ ಶುರು ಮಾಡಿ 400, 600, 800, 1000, 1500 ಹೀಗೆ ಸೋಪಿನ ನೀರಲ್ಲಿ ಅದ್ದಿ ಉಜ್ಜಿ. ಒಣ ಕಾಗದಕ್ಕೆ ಅಲ್ಯೂಮಿನಿಯಂ ಮೆತ್ತಿಕೊಂಡು ಹೊಸ ಗೀರು ಬೀಳುತ್ತೆ. ಪ್ರತಿ ನಂಬರಿಗೂ ಉಜ್ಜೋ ದಿಕ್ಕು ಬದಲಿಸಿ, ಹಿಂದಿನ ಗೀರೆಲ್ಲ ಹೋದ ಮೇಲೇ ಮುಂದಿನದಕ್ಕೆ ಹೋಗಿ. 320ರ ಒಂದು ಗೀರು ಉಳಿದರೂ ಕೊನೆಯಲ್ಲಿ ಅದೇ ಕಣ್ಣಿಗೆ ಹೊಡೆಯೋದು. ಎರಕದೊಳಗಿನ ಗಾಳಿಗುಳ್ಳೆಯ ತೂತು ಕಂಡರೆ ಬಿಟ್ಟುಬಿಡಿ, ಕೆದಕಿದಷ್ಟೂ ಹೊಸವು ತೆರೆದುಕೊಳ್ಳುತ್ತವೆ. ಗ್ಯಾಸ್ಕೆಟ್ ಕೂರೋ ಮುಖವನ್ನಂತೂ ಮುಟ್ಟಲೇಬೇಡಿ. ಕಾಸ್ಟಿಕ್ ಸೋಡಾ ಹಾಕಿ ತೊಳೆಯೋರಿದ್ದಾರೆ, ಅದು ಲೋಹವನ್ನೇ ಕರಗಿಸುತ್ತೆ.

ಇಷ್ಟೆಲ್ಲ ಯಾಕೆ, ಆಟೋನಗರದಲ್ಲಿ ಬಫಿಂಗ್‌ಗೆ ಕೊಟ್ಟರಾಯ್ತಲ್ಲ? ಕೊಡಬಹುದು, ಅರ್ಧ ಗಂಟೆ ಕೆಲಸ. ಆದರೆ ಜೋರಾಗಿ ಒತ್ತಿದ ಚಕ್ರ ಕವರ್ ಮೇಲಿನ ಉಬ್ಬಕ್ಷರವನ್ನೂ ಅಂಚನ್ನೂ ಸವೆಸಿಬಿಡುತ್ತೆ. ಮೈಸೂರಿನ ಐಡಿಯಲ್ ಜಾವಾ 1961ರಲ್ಲಿ ಗಾಡಿ ಮಾಡೋಕೆ ಶುರು ಮಾಡಿ 1996ರಲ್ಲಿ ಬಾಗಿಲು ಮುಚ್ಚಿತು. ಸವೆದುಹೋದ ಅಕ್ಷರ ಎಲ್ಲಿಂದ ತರ್ತೀರಿ? ಅದಕ್ಕೇ ಉಜ್ಜೋದು ಮನೆಯಲ್ಲಿ ಮುಗಿಸಿ, ಕೊನೆಯ ಮೆರುಗಿಗೆ ಮಾತ್ರ ಅಂಗಡಿಗೆ ಒಯ್ಯಿರಿ. ಕಬ್ಬಿಣಕ್ಕೆ ಬಳಸಿದ ಚಕ್ರ ಬೇಡ ಅಂತ ಮೊದಲೇ ಹೇಳಿ. ಆ ಕಬ್ಬಿಣದ ಕಣ ಇದರಲ್ಲಿ ಹೂತರೆ ಅಲ್ಲಿಂದಲೇ ತುಕ್ಕು ಹಿಡಿಯುತ್ತೆ. ಅಲ್ಯೂಮಿನಿಯಂ ಧೂಳೂ ತುಕ್ಕೂ ಬೆರೆತ ಕಡೆ ಗ್ರೈಂಡರ್ ಕಿಡಿ ಬಿದ್ದರೆ ಬೆಂಕಿ ಏಳೋ ಅಪಾಯ ಇದೆ, ಅದನ್ನ ನೀರು ಹಾಕಿ ಆರಿಸೋಕೆ ಹೋಗಬಾರದು. ಮಾಸ್ಕ್ ಹಾಕ್ಕೊಳ್ಳಿ.

ಲ್ಯಾಕರ್ ಹೊಡೆಸಬೇಕಾ? ನನ್ನ ಮಟ್ಟಿಗೆ ವೈಜಾಗ್‌ನಲ್ಲಿ ಬೇಡ. ಕಲ್ಲು ತಾಗಿ ಒಂದು ಕಡೆ ಎದ್ದರೆ ಉಪ್ಪು ಅದರಡಿ ನುಗ್ಗಿ ಹುಳು ಹರಿದಂತೆ ಗೆರೆ ಬೀಳುತ್ತೆ, ಆಮೇಲೆ ಎಲ್ಲ ಕೆರೆದು ಮೊದಲಿಂದ. ಬರೀ ವ್ಯಾಕ್ಸ್ ಸಾಕು. ಬೀಚ್ ರೋಡ್ ಸುತ್ತಿ ಬಂದ ದಿನ ಸಿಹಿನೀರಲ್ಲಿ ತೊಳೆದು ಒರೆಸಿ, ತಿಂಗಳಿಗೊಮ್ಮೆ ವ್ಯಾಕ್ಸ್ ಹಚ್ಚಿ. ವಿಜಯವಾಡದವರು ಎರಡು ಮೂರು ತಿಂಗಳಿಗೊಮ್ಮೆ ಹಚ್ಚಿದರೂ ನಡೆಯುತ್ತೆ.