ಮರಳಿನ ಮೇಲೆ ಕುದುರೆ ವ್ಯಾಪಾರ

ಪಶ್ಚಿಮ ರಾಜಸ್ಥಾನದ ಬಾಲೋತ್ರಾ ಪಟ್ಟಣಕ್ಕೆ ಸಮೀಪವಾದ ತಿಲವಾಡಾ ಗ್ರಾಮದಲ್ಲಿ, ಬತ್ತಿ ಬರಿದಾದ ಲೂನಿ ನದಿಯ ಪಾತ್ರವೇ ವಸಂತಾರಂಭದಲ್ಲಿ ಮಲ್ಲಿನಾಥನ ಜಾತ್ರೆಗೆ ಮೈದಾನವಾಗಿ, ಒಂಟೆ ಎತ್ತುಗಳೊಡನೆ ಮಾರವಾಡಿ ಕುದುರೆಗಳೂ ಅಲ್ಲಿಗೆ ಮಾರಾಟಕ್ಕೆ ಬರುತ್ತವೆ. ತುದಿಗಳು ಒಳಬಾಗಿ ಒಂದನ್ನೊಂದು ಮುಟ್ಟುವಂತಿರುವ ಅವುಗಳ ಕಿವಿಗಳನ್ನು ಕಂಡು ಮರುಳಾಗದವರು ವಿರಳ. ಆದರೆ ಸವಾರನನ್ನು ಹೊರುವುವು ಕಿವಿಗಳಲ್ಲವಷ್ಟೆ.

ಆ ತಳಿಯ ನಿಜವಾದ ಐಶ್ವರ್ಯವೆಂದರೆ ರೇವಾಲ್ ಎಂಬ ನಡೆ. ಸಾಮಾನ್ಯ ಕುದುರೆಯು ದುಡುಕಿಯಲ್ಲಿ ಸಾಗುವಾಗ ಒಂದು ಪಕ್ಕದ ಮುಂಗಾಲೂ ಮತ್ತೊಂದು ಪಕ್ಕದ ಹಿಂಗಾಲೂ ಒಮ್ಮೆಗೇ ನೆಲಕ್ಕೆ ಬಿದ್ದು ಸವಾರನನ್ನು ಜೀನಿನ ಮೇಲೆ ಕುಕ್ಕುತ್ತವೆ. ರೇವಾಲಿನಲ್ಲಾದರೋ ಒಂದು ಪಕ್ಕದ ಹಿಂಗಾಲು, ಅದರ ಬೆನ್ನಿಗೇ ಅದೇ ಪಕ್ಕದ ಮುಂಗಾಲು, ಅನಂತರ ಮತ್ತೊಂದು ಪಕ್ಕದವು, ಹೀಗೆ ನಾಲ್ಕು ಗೊರಸುಗಳೂ ಬೇರೆಬೇರೆಯಾಗಿ ಬೀಳುವುದರಿಂದ ಬೆನ್ನು ಕುಲುಕದೆ, ಮರುಭೂಮಿಯ ದೀರ್ಘಪ್ರಯಾಣವೂ ಸಹ್ಯವಾಗುತ್ತಿದ್ದಿತು.

ಈ ನಡೆಯ ಪರೀಕ್ಷೆಗೆ ಕಣ್ಣಿಗಿಂತ ಕಿವಿಯೇ ಲೇಸು. ಗಟ್ಟಿನೆಲದ ಮೇಲೆ ನಾಲ್ಕು ಸಪ್ಪಳಗಳು ಒಂದೊಂದಾಗಿ ಕೇಳಿಸಿದರೆ ಅದು ರೇವಾಲ್. ಎರಡೆರಡು ಕೂಡಿಕೊಂಡು ಎರಡೇ ಸಪ್ಪಳವಾದರೆ, ಅದು ದುಡುಕಿ, ಇಲ್ಲವೇ ಒಂದೇ ಪಕ್ಕದ ಕಾಲುಗಳನ್ನು ಜೊತೆಯಾಗಿ ಎಸೆದು ಸವಾರನನ್ನು ಅತ್ತಿತ್ತ ಒಲೆಸುವ ಬೇರೊಂದು ನಡೆ. ಜಾತ್ರೆಯ ತೊಡಕೆಲ್ಲ ಇಲ್ಲಿದೆ. ಮರಳು ಸಪ್ಪಳವನ್ನು ನುಂಗುತ್ತದೆ, ಸಣ್ಣ ಕುಂಟನ್ನೂ ಮರೆಸುತ್ತದೆ. ಕಾಲಿಗೆ ಗೆಜ್ಜೆ ಕಟ್ಟಿ ಡೋಲು ಬಡಿಸಿ ಕುಣಿಸಿದರಂತೂ ಗೊರಸಿನ ಸದ್ದು ಕೇಳುವ ಮಾತೇ ಇಲ್ಲ. ಕುಣಿತ ಬೇರೆ, ನಡೆ ಬೇರೆ.

ಸುಳಿ ನೋಡುವ ಅಭ್ಯಾಸ ನಮ್ಮಲ್ಲಿರುವಂತೆ ಅಲ್ಲಿಯೂ ಉಂಟು. ಕತ್ತಿನ ಮೇಲಣ ಶುಭಸುಳಿಯನ್ನು ಅವರು ‘ದೇವಮನ್’ ಎನ್ನುವರು. ಸಂಸ್ಕೃತದ ‘ದೇವಮಣಿ’ಯೇ ಅದು. ಕಲ್ಯಾಣದ ಚಾಲುಕ್ಯ ದೊರೆ ಮೂರನೆಯ ಸೋಮೇಶ್ವರನು 12ನೆಯ ಶತಮಾನದಲ್ಲಿ ರಚಿಸಿದ ‘ಮಾನಸೋಲ್ಲಾಸ’ದಲ್ಲಿಯೂ ಅಶ್ವವಿಚಾರಕ್ಕೆ ಸ್ಥಾನವಿರುವುದನ್ನು ನೆನೆದು ನಾನು ಈ ಶಾಸ್ತ್ರವನ್ನು ಹಳಿಯಲಾರೆ, ಆದರೆ ಸುಳಿಗಾಗಿ ಹೆಚ್ಚು ಹಣ ತೆರುವುದನ್ನೂ ಒಪ್ಪಲಾರೆ. ನೋಡಬೇಕಾದುದು ಹಲ್ಲು. ಹಾಲುಹಲ್ಲುಗಳೆಲ್ಲ ಬಿದ್ದು ಬಾಯಿ ತುಂಬುವುದು ಸುಮಾರು 5 ವರ್ಷಕ್ಕೆ. ಮೇಲ್ದವಡೆಯ ಮೂಲೆಯ ಬಾಚಿಹಲ್ಲಿನಲ್ಲಿ ಕಂದುಗೆರೆಯೊಂದು ಇಳಿಯತೊಡಗಿದ್ದರೆ, ‘ಆರು ವರ್ಷದ ಮರಿ’ ಎಂಬ ಮಾತನ್ನು ನಂಬದಿರಿ, ಅದಕ್ಕೆ ಹತ್ತರ ಹತ್ತಿರ ವಯಸ್ಸಾಗಿದೆ. ಮನುಷ್ಯರಿಗೂ ತಗಲುವ ಗ್ಲ್ಯಾಂಡರ್ಸ್ ರೋಗವಿಲ್ಲವೆಂಬ ರಕ್ತಪರೀಕ್ಷೆಯ ಪತ್ರವನ್ನು ಕೇಳುವುದಕ್ಕೂ ಸಂಕೋಚ ಬೇಡ.

ಮೈ ಬಿಸಿಯಾದ ಕುದುರೆ ಕಾಲಿನ ನೋವನ್ನು ಮರೆಯುವುದರಿಂದ, ಮುಂಜಾನೆ ಜೀನು ಬೀಳುವ ಮೊದಲೇ ಹೋಗಿ, ಕಟ್ಟಿದ ಗೂಟದಿಂದ ಬಿಚ್ಚಿಸಿ, ಹತ್ತಿರದ ಡಾಂಬರು ರಸ್ತೆಗೆ ನಡೆಸಿ ತರಲು ಹೇಳಿರಿ. ಬಳಿಕ ಜೀನು ಹಾಕಿಸಿ ನೀವೇ ಏರಿ ನೋಡಿರಿ. ರಸ್ತೆಗೆ ತರಲೊಲ್ಲದವನಲ್ಲಿ ಬೆಲೆ ಕೇಳುವ ಶ್ರಮವೂ ಬೇಡ.