ರೆಕ್ಕೆ ಬಿಚ್ಚುವಷ್ಟು ಜಾಗ

ಕೋಳಿಗೆ ಬೆವರು ಬರುವುದಿಲ್ಲ. ಬಿಸಿಲು ಏರಿದಂತೆ ಅದು ಕೊಕ್ಕು ತೆರೆದು ಏದುಸಿರು ಬಿಡುತ್ತದೆ, ಮೈಕಾವು ಹೊರಹೋಗಲೆಂದು ರೆಕ್ಕೆಗಳನ್ನು ಪಕ್ಕೆಯಿಂದ ಎತ್ತಿ ನಿಲ್ಲುತ್ತದೆ. ಬೇಸಿಗೆಯಲ್ಲಿ 40 ಡಿಗ್ರಿ ದಾಟುವ ರಾಯಚೂರು ಸೀಮೆಯಲ್ಲಿ ಮೊಟ್ಟೆಕೋಳಿಗೆ ಎಷ್ಟು ಜಾಗ ಬೇಕೆಂಬ ಲೆಕ್ಕ ಇಲ್ಲಿಂದಲೇ ಶುರುವಾಗಬೇಕು. ಸಾಮಾನ್ಯ ತಂತಿ ಪಂಜರದಲ್ಲಿ ಒಂದೊಂದು ಕೋಳಿಯ ಪಾಲಿಗೆ ಬರುವುದು ಎ4 ಹಾಳೆಗಿಂತ, ಅಂದರೆ ಸುಮಾರು 624 ಚದರ ಸೆಂಟಿಮೀಟರ್‌ಗಿಂತ ಕಡಿಮೆ ಜಾಗ. 2019ರ ಕೇಂದ್ರದ ಕರಡು ನಿಯಮ ಕೇಳಿದ್ದೂ 550 ಮಾತ್ರ. ಯುರೋಪ್ ಒಕ್ಕೂಟ 2012ರಿಂದ ಬರಿ ಪಂಜರವನ್ನೇ ನಿಷೇಧಿಸಿತು. ಅನುಮತಿಸಿದ ಪಂಜರದಲ್ಲೂ 750 ಚದರ ಸೆಂಟಿಮೀಟರ್, ಗೂಡು, ಕೂರಲು ಅಡ್ಡಕೋಲು ಕಡ್ಡಾಯ. ತಂಪು ದೇಶಗಳಿಗೇ ಅಷ್ಟು ಬೇಕಾದರೆ ರಾಯಚೂರಿನ ಬಿಸಿಲಿಗೆ 550 ಸಾಕೆನ್ನುವುದು ಹೇಗೆ?

ಕಾನೂನು ಇಲ್ಲವೆಂದಲ್ಲ. ಓಡಾಡಲು ಸಾಕಷ್ಟು ಉದ್ದ, ಅಗಲ, ಎತ್ತರವಿಲ್ಲದ ಪಂಜರದಲ್ಲಿ ಪ್ರಾಣಿಯನ್ನಿಡುವುದು 1960ರ ಪ್ರಾಣಿ ಹಿಂಸೆ ತಡೆ ಕಾಯ್ದೆಯ 11ನೇ ಕಲಮಿನಡಿ ಅಪರಾಧ. ಮೊದಲ ತಪ್ಪಿಗೆ ದಂಡ 10ರಿಂದ 50 ರೂಪಾಯಿ! ಶಾಲೆಯ ಮೊಟ್ಟೆಗೆ ಸರ್ಕಾರ ಕೊಡುತ್ತಿದ್ದ 6 ರೂಪಾಯಿಯ ದರದಲ್ಲಿ ಆ 50 ರೂಪಾಯಿಯೂ ಎಂಟು ಮೊಟ್ಟೆಯ ದುಡ್ಡು. ಕಾನೂನು ಆಯೋಗ 2017ರಲ್ಲಿ ಕೋಳಿಗಳ ವಸತಿ, ಸಾಗಣೆಗೆಂದೇ 269ನೇ ವರದಿ ಕೊಟ್ಟಿತು. ಆದರೂ ಇಂಥ ದಂಡಕ್ಕೆ ಯಾವ ಫಾರಂ ಮಾಲೀಕ ಹೆದರಿಯಾನು? ಹೆದರಿಸುವುದಾದರೆ ಗಿರಾಕಿಯೇ ಹೆದರಿಸಬೇಕು, ಈ ಜಿಲ್ಲೆಯಲ್ಲಿ ದೊಡ್ಡ ಗಿರಾಕಿ ಸರ್ಕಾರ. ಕಲ್ಯಾಣ ಕರ್ನಾಟಕದ ಶಾಲೆಗಳಲ್ಲಿ 2021ರ ಡಿಸೆಂಬರ್‌ನಲ್ಲಿ ಬಿಸಿಯೂಟಕ್ಕೆ ಸೇರಿದ ಮೊಟ್ಟೆ, 2024ರಲ್ಲಿ ಅಜೀಂ ಪ್ರೇಮ್‌ಜಿ ಫೌಂಡೇಶನ್ ನೆರವಿನಿಂದ ವಾರಕ್ಕೆ ಆರು ದಿನವಾಯಿತು. ಮೊಟ್ಟೆ ಕೊಳ್ಳುವ ಷರತ್ತಿನಲ್ಲೇ ಕೋಳಿಯ ಜಾಗವೂ ಸೇರಲಿ. ದೇವದುರ್ಗದ ಮುಖ್ಯಶಿಕ್ಷಕರು ಟ್ರೇ ಕೊಳ್ಳುವ ಮುನ್ನ ಫಾರಂ ನೋಡಿಬರಲಾರರು. ಪಶುಪಾಲನಾ ಇಲಾಖೆ ತಪಾಸಣೆ ಮಾಡಿ ಒಪ್ಪಿತ ಫಾರಂಗಳ ಪಟ್ಟಿ ಕೊಡಬೇಕು.

ಗುಳೆ ಹೋಗುವವರ ಮಕ್ಕಳ ತಟ್ಟೆಯಿಂದ ಮೊಟ್ಟೆ ಕಿತ್ತು ಕೋಳಿಗೆ ಕರುಣೆ ತೋರುವುದೇ ಎಂಬ ಆಕ್ಷೇಪ ತೂಕದ್ದು. ಮೊಟ್ಟೆಯ ಸಂಖ್ಯೆ ಒಂದೂ ಕಡಿಮೆಯಾಗಬಾರದು, ಹೆಚ್ಚುವ ಪೈಸೆಗಳನ್ನು ಖಜಾನೆಯೇ ಹೊರಬೇಕು. ಅದು ಪೂರಾ ನಷ್ಟವೂ ಅಲ್ಲ: ಸೆಕೆಗೆ ಕೋಳಿ ಮೇವು ಬಿಡುತ್ತದೆ, ಮೊಟ್ಟೆಯ ಸಿಪ್ಪೆ ತೆಳುವಾಗುತ್ತದೆ, ಕೋಳಿ ಸಾಯುತ್ತದೆ, ಈ ಖರ್ಚನ್ನು ಇಕ್ಕಟ್ಟಿನ ಪಂಜರದ ಲೆಕ್ಕಕ್ಕೆ ಯಾರೂ ಬರೆಯುವುದಿಲ್ಲ. ಹಾಗಾದರೆ ಜವಾರಿ ಕೋಳಿಯೇ ಸಾಕಲ್ಲ ಎನ್ನುವವರಿದ್ದಾರೆ. ಸಾಲದು. ಫಾರಂ ತಳಿ ವರ್ಷಕ್ಕೆ 300ರ ಆಸುಪಾಸು ಇಟ್ಟರೆ ಜವಾರಿಯದು ನೂರರೊಳಗೆ. ಹಿತ್ತಿಲನ್ನು ನಂಬಿ ಆರು ದಿನದ ಮೊಟ್ಟೆ ಸಾಗದು. ಅದೇ ಫಾರಂ ತಳಿಯನ್ನು ನೆಲದ ಶೆಡ್ಡಿನಲ್ಲಿ ಸಾಕಬೇಕು. ಅಲ್ಲಿ ಹಿಕ್ಕೆಯ ಸಂಪರ್ಕದಿಂದ ರೋಗ, ಒಂದನ್ನೊಂದು ಕುಕ್ಕುವ ಚಾಳಿ ಹೆಚ್ಚುವುದು ನಿಜ. ಅದನ್ನು ತಡೆಯಲು ಶೆಡ್ಡಿನ ನೆಲದ ಹಾಸು ಒಣಗಿರಬೇಕು, ಆಗಾಗ ಕೆದರಬೇಕು, ಒದ್ದೆಯಾದದ್ದನ್ನು ತೆಗೆದು ಹೊಸದು ಹಾಕಬೇಕು. ಆ ಹಾಸಿಗೆ ಬೇಕಾದ ಭತ್ತದ ಹೊಟ್ಟಿಗೆ ಮಾನ್ವಿಯಲ್ಲಾಗಲಿ ರಾಯಚೂರಿನ ರೈಸ್‌ಮಿಲ್ಲುಗಳಲ್ಲಾಗಲಿ ಬರವಿಲ್ಲ.