ವಚನಾಭ್ಯಾಸಿಗೆ ಸಂಗೀತಜ್ಞಾನದ ಆಕರಗಳು

ಬಸವಣ್ಣನವರು ಒಂದು ವಚನದಲ್ಲಿ ತಮಗೆ ತಾಳಮಾನಗಳ ಅರಿವಿಲ್ಲವೆಂದು ವಿನಯದಿಂದ ನುಡಿದಿದ್ದಾರೆ. ಮತ್ತೊಂದರಲ್ಲಿ ತಮ್ಮ ದೇಹವನ್ನೇ ವೀಣೆಯಾಗಿಸಿ 32 ರಾಗಗಳನ್ನು ಹಾಡಬೇಕೆಂದು ಕೂಡಲಸಂಗಮದೇವನನ್ನು ಬೇಡಿದ್ದಾರೆ. ಮೊದಲನೆಯ ಮಾತನ್ನು ಹಿಡಿದು ಶರಣರಿಗೂ ಶಾಸ್ತ್ರೀಯ ಸಂಗೀತಕ್ಕೂ ಸಂಬಂಧವೇ ಇಲ್ಲವೆನ್ನುವವರುಂಟು. ಎರಡನೆಯದನ್ನು ಹಿಡಿದು, ಇಂದು ನಾವು ಕೇಳುವ ರಾಗಗಳಲ್ಲಿಯೇ ವಚನಗಳು ಹುಟ್ಟಿದವೆನ್ನುವವರೂ ಉಂಟು. ಇವೆರಡೂ ಅವಸರದ ತೀರ್ಮಾನಗಳು. ಇವುಗಳಿಂದ ಪಾರಾಗಬೇಕಾದರೆ ವಚನಾಭ್ಯಾಸಿಯು ಸಂಗೀತವನ್ನು ತಕ್ಕ ಆಕರಗಳಿಂದ ಅರಿಯಬೇಕು.

ಆಕರಗಳು ಮೂರು ಬಗೆ: ಗ್ರಂಥ, ನಾದ, ಗುರು. ಒಂದು ಕೊಡುವುದನ್ನು ಇನ್ನೊಂದು ಕೊಡಲಾರದು.

ಶರಣರ ಕಾಲದ ಸಂಗೀತವನ್ನು ತಿಳಿಯಲು ಗ್ರಂಥಗಳೇ ಗತಿ. ಕಲ್ಯಾಣದ ಚಾಲುಕ್ಯ ದೊರೆ ಮೂರನೆಯ ಸೋಮೇಶ್ವರನ 'ಮಾನಸೋಲ್ಲಾಸ'ವು 12ನೆಯ ಶತಮಾನದ್ದು. ಅದರಲ್ಲಿ ರಾಗ, ವಾದ್ಯಗಳ ಜೊತೆಗೆ ತ್ರಿಪದಿ, ಷಟ್ಪದಿಯಂತಹ ದೇಸೀ ಹಾಡುಗಳ ಪ್ರಸ್ತಾಪವೂ ಇದೆ. 13ನೆಯ ಶತಮಾನದಲ್ಲಿ ದೇವಗಿರಿಯ ಯಾದವರ ಆಶ್ರಯದಲ್ಲಿದ್ದ ಶಾರ್ಙ್ಗದೇವನು 'ಸಂಗೀತರತ್ನಾಕರ'ವನ್ನು 7 ಅಧ್ಯಾಯಗಳಲ್ಲಿ ರಚಿಸಿದನು. ಸ್ವರದಿಂದ ನೃತ್ಯದವರೆಗಿನ ವಿಷಯಗಳೆಲ್ಲ ಅಲ್ಲಿವೆ. ವಿಜಯನಗರ ಕಾಲದ ಕಲ್ಲಿನಾಥನ ಟೀಕೆಯು ಅದರ ಗೂಢಾರ್ಥಗಳನ್ನು ಬಿಡಿಸುತ್ತದೆ. ಸಂಸ್ಕೃತ ಬಾರದವರು ನಿಜಗುಣ ಶಿವಯೋಗಿಗಳ 'ವಿವೇಕಚಿಂತಾಮಣಿ'ಯ ಸಂಗೀತಭಾಗದಿಂದ ಆರಂಭಿಸಬಹುದು.

ಆದರೆ ಗ್ರಂಥದಲ್ಲಿ ರಾಗದ ಹೆಸರು ದೊರೆತೊಡನೆ ಅದರ ರೂಪವೂ ದೊರೆಯಿತೆಂದು ಭಾವಿಸಬಾರದು. ಕರ್ನಾಟಕ ಪದ್ಧತಿಯ ಹಿಂದೋಳವನ್ನು ಹಿಂದುಸ್ತಾನಿ ಗಾಯಕರು ಮಾಲಕೌಂಸ್ ಎನ್ನುತ್ತಾರೆ. ಅವರ ಹಿಂದೋಲವಾದರೋ ತೀವ್ರ ಮಧ್ಯಮವುಳ್ಳ ಬೇರೊಂದು ರಾಗ. ಒಂದೇ ಕಾಲದ ಎರಡು ಪದ್ಧತಿಗಳಲ್ಲಿಯೇ ಇಷ್ಟು ಅಂತರವಿರುವಾಗ, ಎಂಟು ಶತಮಾನಗಳ ಹಿಂದಿನ ಹೆಸರನ್ನು ಇಂದಿನ ರಾಗಕ್ಕೆ ಹೊಂದಿಸುವುದರಲ್ಲಿ ಎಷ್ಟು ಎಚ್ಚರಿಕೆ ಬೇಕೆಂಬುದನ್ನು ವಾಚಕರೇ ಊಹಿಸಬಹುದು. ಇಂದಿನ ಹಿಂದುಸ್ತಾನಿ ರಾಗಗಳ ಲಕ್ಷಣಕ್ಕೆ ಭಾತಖಂಡೆಯವರ (1860–1936) 6 ಭಾಗಗಳ 'ಕ್ರಮಿಕ ಪುಸ್ತಕ ಮಾಲಿಕಾ' ಉಪಯುಕ್ತವಾದುದು. ಚೀಜುಗಳ ಸ್ವರಲಿಪಿಯೂ ಅದರಲ್ಲಿದೆ.

ಸ್ವರಲಿಪಿಯು ರಾಗದ ಅಸ್ಥಿಪಂಜರ. ಅದರ ಉಸಿರು ನಾದದಲ್ಲಿದೆ. ಮೀಂಡಿನ ಎಳೆತವನ್ನು, ಸ್ವರದ ಆಂದೋಲನವನ್ನು ಯಾವ ಲಿಪಿಯೂ ಪೂರ್ಣವಾಗಿ ಹಿಡಿದಿಡದು. ಆದ್ದರಿಂದ ಧ್ವನಿಮುದ್ರಿಕೆಗಳೂ ಆಕರಗಳೇ. ಮಲ್ಲಿಕಾರ್ಜುನ ಮನಸೂರರ (1910–1992) ಗಾಯನದಲ್ಲಿ ಒಂದು ರಾಗದ ಖ್ಯಾಲನ್ನೂ ಒಂದು ವಚನವನ್ನೂ ಜೊತೆಗಿಟ್ಟು ಕೇಳಿದರೆ, ರಾಗವು ಮಾತಿಗೆ ಹೇಗೆ ಮಣಿಯುತ್ತದೆಂಬುದು ಮನವರಿಕೆಯಾಗುತ್ತದೆ. ಆದರೆ ಅಲ್ಲಿನ ರಾಗಸಂಯೋಜನೆ ನಮ್ಮ ಕಾಲದ್ದು. 12ನೆಯ ಶತಮಾನಕ್ಕೆ ಅದು ಸಾಕ್ಷಿಯಲ್ಲ. ರಾಗದ ಹೆಸರನ್ನು ಹೊತ್ತು ಬಂದಿರುವುವು ಪಲ್ಲವಿಸಹಿತವಾದ ಸ್ವರವಚನಗಳು. ಅವುಗಳನ್ನು ಪರಿಶೀಲಿಸುವಾಗಲೂ ಆ ಹಸ್ತಪ್ರತಿ ಯಾವ ಕಾಲದ್ದೆಂದು ಮೊದಲು ವಿಚಾರಿಸಬೇಕು.

ಮೂರನೆಯದು ಗುರುಮುಖ. ಶ್ರುತಿ ತಪ್ಪಿದಾಗ ಪುಸ್ತಕ ತಿದ್ದದು, ಮುದ್ರಿಕೆ ತಡೆಯದು. ಗದಗಿನ ವೀರೇಶ್ವರ ಪುಣ್ಯಾಶ್ರಮದಲ್ಲಿ ಪಂಚಾಕ್ಷರಿ ಗವಾಯಿಗಳೂ ಅವರ ತರುವಾಯ ಪುಟ್ಟರಾಜ ಗವಾಯಿಗಳೂ (1914–2010) ಅಂಧ ಬಾಲಕರಿಗೆ ಅನ್ನವಿಟ್ಟು ವಿದ್ಯೆ ಕೊಟ್ಟರು. ಇಬ್ಬರಿಗೂ ಕಣ್ಣಿನ ಬೆಳಕಿರಲಿಲ್ಲ. ಲಿಪಿಯನ್ನು ಕಾಣದ ಶಿಷ್ಯರು ಕಿವಿಯಿಂದಲೇ ಕಲಿತು ಗಾಯಕರಾದುದು ಗುರುಮುಖದ ಮಹಿಮೆಗೆ ಪ್ರತ್ಯಕ್ಷ ನಿದರ್ಶನ.

ಆದ್ದರಿಂದ ಅಭ್ಯಾಸಿಯು ಮೊದಲು ಒಂದೆರಡು ರಾಗಗಳನ್ನು ಪದೇ ಪದೇ ಕೇಳಲಿ. ಬಳಿಕ ಅವುಗಳ ಲಕ್ಷಣವನ್ನು ಓದಲಿ. ಸಾಧ್ಯವಾದರೆ ಬಲ್ಲವರ ಮುಂದೆ ಕುಳಿತು ಸ್ವರಾಭ್ಯಾಸ ಮಾಡಲಿ. ಹಾಡುಗಾರನಾಗದಿದ್ದರೂ ಚಿಂತೆಯಿಲ್ಲ. ದಂಡಿಗೆ, ಸೋರೆ, ತಂತಿಗಳು ವೀಣೆಯಲ್ಲಿ ಮಾಡುವ ಕೆಲಸವನ್ನು ಬಲ್ಲವನಿಗೆ, ಬಸವಣ್ಣನವರು ತಮ್ಮ ದೇಹದ ಒಂದೊಂದು ಅಂಗವನ್ನೂ ಯಾವುದಕ್ಕಾಗಿ ಒಪ್ಪಿಸಿದರೆಂಬುದು ತಿಳಿಯುತ್ತದೆ. ವಚನದ ಅರ್ಥಕ್ಕೆ ಅಷ್ಟು ಅರಿವು ಅವಶ್ಯವಾಗಿ ಬೇಕು.